ಕಣ್ಣಿನ ಜೊತೆಗೆ ಚರ್ಮವೂ: ಈ ನವೆಂಬರಿನಲ್ಲಿ ಮನೆಯಲ್ಲಿ ಮಾತಾಡೋಣ



ನವೆಂಬರ್ ನಮಗೆ ಮೃತರ ತಿಂಗಳು. ಚರ್ಚಿನ ಸ್ಮಶಾನದಲ್ಲಿ ಹುಲ್ಲು ಕೀಳುತ್ತೇವೆ, ಸಮಾಧಿಗಳಿಗೆ ಸುಣ್ಣ ಬಳಿಯುತ್ತೇವೆ, ಹೂವಿಟ್ಟು ಮೊಂಬತ್ತಿ ಹಚ್ಚುತ್ತೇವೆ. ವರ್ಷದ ಉಳಿದ ಹನ್ನೊಂದು ತಿಂಗಳು ಮನೆಯಲ್ಲಿ ಸಾವಿನ ಮಾತೆತ್ತಿದರೆ "ಬಿಡ್ತು ಅನ್ನು" ಎಂದು ಹಿರಿಯರು ಗದರುತ್ತಾರೆ. ಈ ತಿಂಗಳಲ್ಲಿ ಮಾತ್ರ ಅದು ಸಲೀಸಾಗಿ ಬರುತ್ತದೆ. ಹಾಗಾಗಿ ಒಂದು ವಿಷಯವನ್ನು ಈಗಲೇ ನಿಮ್ಮ ಮುಂದಿಡುತ್ತಿದ್ದೇವೆ. ನೇತ್ರದಾನದ ಬಗ್ಗೆ ನಮ್ಮ ಧರ್ಮಕೇಂದ್ರದಲ್ಲಿ ಎಲ್ಲರಿಗೂ ಗೊತ್ತು. ಚರ್ಮದಾನ ಎಂದರೆ "ಅದೂ ಕೊಡಬಹುದಾ?" ಎಂದು ಕೇಳುವವರೇ ಹೆಚ್ಚು. ಕೊಡಬಹುದು. ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ. ಯಾಕೆ ಎಂದು ಹೇಳುತ್ತೇವೆ.

ನಮ್ಮ ಜಿಲ್ಲೆಯಲ್ಲೇ ನಡೆದದ್ದನ್ನು ನೆನಪಿಸಿಕೊಳ್ಳಿ. 2024ರ ಅಕ್ಟೋಬರ್ 28ರ ನಡುರಾತ್ರಿ ನೀಲೇಶ್ವರದ ವೀರರ್‌ಕಾವಿನಲ್ಲಿ ಕಳಿಯಾಟದ ಹೊತ್ತಿಗೆ, ಕೂಡಿಟ್ಟಿದ್ದ ಪಟಾಕಿಗೆ ಕಿಡಿ ಬಿತ್ತು. ತೆಯ್ಯಂ ನೋಡಲು ನಿಂತಿದ್ದ 150ಕ್ಕೂ ಹೆಚ್ಚು ಜನ ಗಾಯಗೊಂಡರು. ಆಂಬುಲೆನ್ಸುಗಳು ಕಣ್ಣೂರಿಗೆ, ಕೋಝಿಕ್ಕೋಡಿಗೆ, ಈ ಕಡೆ ಮಂಗಳೂರಿಗೆ ಓಡಿದವು. ಅವಘಡದ ಜಾಗದಲ್ಲಿ ಆ ರಾತ್ರಿ ಯಾರೂ ಸಾಯಲಿಲ್ಲ. ಮೊದಲ ಸಾವಿನ ಸುದ್ದಿ ಬಂದದ್ದು ನವೆಂಬರ್ 2ರಂದು, ನಾವು ಸಕಲ ಮೃತರ ಸ್ಮರಣೆ ಮಾಡುವ ದಿನವೇ. ಆಮೇಲೆ ಆಸ್ಪತ್ರೆಗಳಿಂದ ಒಂದೊಂದಾಗಿ ಸುದ್ದಿ ಬರುತ್ತಾ ಹೋಯಿತು. ಒಟ್ಟು ಆರು ಮಂದಿ ತೀರಿಕೊಂಡರು.

ಆ ಆರು ಜನರಲ್ಲಿ ಯಾರಿಗೆ ಏನಾಯಿತು ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಅವರ ಮನೆಯವರ ದುಃಖ ದೊಡ್ಡದು. ಆದರೆ ಸುಟ್ಟಗಾಯ ಹೇಗೆ ಕೊಲ್ಲುತ್ತದೆ ಎಂಬುದು ಆ ತಾರೀಕುಗಳಲ್ಲೇ ಕಾಣುತ್ತದೆ. ಬೆಂಕಿ ಆರಿದ ಮೇಲೂ ಅದು ಕೊಲ್ಲುತ್ತಲೇ ಇರುತ್ತದೆ, ದಿನಗಟ್ಟಲೆ, ವಾರಗಟ್ಟಲೆ. ಆ ವಾರಗಳಲ್ಲಿ ಮನುಷ್ಯನಿಗೆ ಬೇಕಾದದ್ದು ಒಂದು ಹೊದಿಕೆ. ನಾವು ಮಾತಾಡಲು ಹೊರಟದ್ದು ಆ ಹೊದಿಕೆಯ ಬಗ್ಗೆ.

ಚರ್ಮ ಎಂದರೆ ಬರೀ ಬಣ್ಣವಲ್ಲ. ವಯಸ್ಕರೊಬ್ಬರ ಮೈಮೇಲೆ ಒಂದೂವರೆಯಿಂದ ಎರಡು ಚದರ ಮೀಟರ್ ಚರ್ಮವಿರುತ್ತದೆ. ಅದು ಒಳಗಿನ ನೀರನ್ನು ಹಿಡಿದಿಡುತ್ತದೆ, ಹೊರಗಿನ ರೋಗಾಣುಗಳನ್ನು ತಡೆಯುತ್ತದೆ, ಮೈಯ ಬಿಸಿಯನ್ನು ಕಾಯುತ್ತದೆ. ಹೊರಪದರ ಮಾತ್ರ ಸುಟ್ಟಿದ್ದರೆ ಅಡಿಯಿಂದ ಹೊಸ ಚರ್ಮ ತಾನಾಗಿ ಬರುತ್ತದೆ. ಒಳಪದರವೂ ಪೂರ್ತಿ ಸುಟ್ಟುಹೋದರೆ ಹೊಸ ಚರ್ಮಕ್ಕೆ ಬೀಜವೇ ಉಳಿಯುವುದಿಲ್ಲ. ನೀರು, ಉಪ್ಪು, ಪ್ರೋಟೀನು ಗಾಯದಿಂದ ಸೋರಿಹೋಗುತ್ತವೆ. ಸತ್ತ ಚರ್ಮದ ಮೇಲೆ ಬ್ಯಾಕ್ಟೀರಿಯಾ ಬೆಳೆದು ರಕ್ತಕ್ಕೆ ಸೇರುತ್ತದೆ. ಅನೇಕರು ಸಾಯುವುದು ಈ ನಂಜಿನಿಂದ.

ಇದಕ್ಕೆ ಇರುವ ಒಳ್ಳೆಯ ಚಿಕಿತ್ಸೆ ರೋಗಿಯದ್ದೇ ಚರ್ಮದ ಕಸಿ. ಸುಟ್ಟ ಭಾಗವನ್ನು ಕತ್ತರಿಸಿ ತೆಗೆದು, ತೊಡೆಯಿಂದಲೋ ಬೆನ್ನಿನಿಂದಲೋ ತೆಳುವಾದ ಪದರ ಕೆತ್ತಿ ಅಲ್ಲಿ ಹಚ್ಚುತ್ತಾರೆ. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಕೆತ್ತಿದ ಜಾಗ ಸುಮಾರು ಎರಡು ವಾರದಲ್ಲಿ ಮಾಯುತ್ತದೆ. ಚರ್ಮ ಸಾಲದಿದ್ದರೆ ಒಂದು ಯಂತ್ರದಲ್ಲಿ ಹಾಯಿಸಿ ಮೀನಿನ ಬಲೆಯ ಹಾಗೆ ತೂತು ಮಾಡಿ ಹಿಗ್ಗಿಸುತ್ತಾರೆ. ಬಲೆಯ ಕಣ್ಣುಗಳು ಆಮೇಲೆ ತಾವಾಗಿ ತುಂಬಿಕೊಳ್ಳುತ್ತವೆ.

ಆದರೆ ಮೈಯ ಅರ್ಧಕ್ಕಿಂತ ಹೆಚ್ಚು ಸುಟ್ಟವರ ಗತಿ ಏನು? ಕೆತ್ತಲು ಒಳ್ಳೆಯ ಚರ್ಮ ಎಲ್ಲಿದೆ? ಒಮ್ಮೆ ಕೆತ್ತಿದ ಜಾಗ ಮಾಯುವವರೆಗೆ ಕಾಯಬೇಕು, ಮತ್ತೆ ಕೆತ್ತಬೇಕು, ಮತ್ತೆ ಕಾಯಬೇಕು. ಅಷ್ಟರವರೆಗೆ ಉಳಿದ ಗಾಯವನ್ನು ತೆರೆದಿಡುವ ಹಾಗಿಲ್ಲ. ಇಲ್ಲಿಯೇ ಸತ್ತವರ ಚರ್ಮ ಬದುಕಿರುವವರಿಗೆ ಆಸರೆಯಾಗುವುದು. ದಾನಿಯ ಚರ್ಮವನ್ನು ಗಾಯದ ಮೇಲೆ ಹೊದಿಸಿದರೆ ಸೋರುವುದು ಕಡಿಮೆಯಾಗುತ್ತದೆ, ನೋವು ಇಳಿಯುತ್ತದೆ, ಸೋಂಕು ತಡೆಯಲ್ಪಡುತ್ತದೆ. ಎರಡು ಮೂರು ವಾರಗಳಲ್ಲಿ ರೋಗಿಯ ದೇಹ ಅದನ್ನು ಪರಕೀಯ ಎಂದು ಗುರುತಿಸಿ ಕಳಚಿಹಾಕುತ್ತದೆ. ಆದರೆ ಆ ಎರಡು ಮೂರು ವಾರಗಳೇ ಬೇಕಾಗಿದ್ದದ್ದು. ಅಷ್ಟರಲ್ಲಿ ಅವನ ಸ್ವಂತ ಚರ್ಮ ಮತ್ತೊಮ್ಮೆ ಕೆತ್ತಲು ಸಿದ್ಧವಾಗಿರುತ್ತದೆ.

ಪರರ ಚರ್ಮ ಯಾಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸುಟ್ಟಗಾಯದ ರೋಗಿಗಳಿಂದಲೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಗ್ಲಾಸ್ಗೋದ ಆಸ್ಪತ್ರೆಯೊಂದರಲ್ಲಿ ಸುಟ್ಟುಕೊಂಡಿದ್ದ ಒಬ್ಬ ಯುವತಿಗೆ ಆಕೆಯ ಅಣ್ಣತಮ್ಮಂದಿರಲ್ಲೊಬ್ಬನ ಚರ್ಮದ ಚೂರುಗಳನ್ನು ಹಚ್ಚಿದರು. ಅವು ಬಿದ್ದುಹೋದವು. ಎರಡನೇ ಸಲ ಹಚ್ಚಿದಾಗ ಇನ್ನೂ ಬೇಗ ಬಿದ್ದುಹೋದವು. ದೇಹ ಮೊದಲ ಸಲದ್ದನ್ನು ನೆನಪಿಟ್ಟುಕೊಂಡಿದೆ ಎಂದು ಪೀಟರ್ ಮೆಡಾವರ್ ಎಂಬ ವಿಜ್ಞಾನಿ ಅರ್ಥಮಾಡಿಕೊಂಡರು. ಅವರಿಗೆ 1960ರಲ್ಲಿ ನೊಬೆಲ್ ಬಂತು. ಇಂದು ಕಿಡ್ನಿ, ಲಿವರ್, ಹೃದಯ ಕಸಿ ಮಾಡುವಾಗ ಕೊಡುವ ಔಷಧಗಳ ಹಿಂದಿನ ತಿಳಿವಳಿಕೆ ಶುರುವಾದದ್ದು ಅಂಥ ಗಾಯಗಳಿಂದ. ಎಲ್ಲ ಅಂಗದಾನಕ್ಕೂ ದಾರಿ ತೋರಿಸಿದ ಸುಟ್ಟಗಾಯದ ರೋಗಿಗೇ ನಮ್ಮ ದಾನ ಕಡಿಮೆ ತಲುಪುತ್ತಿರುವುದು ಬೇಸರದ ಸಂಗತಿ.

ವಿಜ್ಞಾನ ಓದಿದವರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ಈಗ ಕೃತಕ ಚರ್ಮ ಬಂದಿದೆಯಲ್ಲ, ಲ್ಯಾಬಿನಲ್ಲಿ ಚರ್ಮ ಬೆಳೆಸುತ್ತಾರಲ್ಲ, ಸತ್ತವರದ್ದು ಯಾಕೆ? ಒಳ್ಳೆಯ ಪ್ರಶ್ನೆ. 1981ರಲ್ಲಿ ಅಮೆರಿಕದ ಜಾನ್ ಬರ್ಕ್ ಎಂಬ ಸರ್ಜನ್ ಮತ್ತು ಅಯೋನಿಸ್ ಯಾನಸ್ ಎಂಬ ಎಂಜಿನಿಯರ್ ತಾವು ರೂಪಿಸಿದ ಕೃತಕ ಚರ್ಮದ ಫಲಿತಾಂಶ ಪ್ರಕಟಿಸಿದರು. ದನದ ಕೊಲಾಜೆನ್, ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ಒಂದು ಪದಾರ್ಥ, ಮೇಲೆ ಸಿಲಿಕೋನ್ ಹಾಳೆ. ಅದರೊಳಗೆ ರೋಗಿಯ ಜೀವಕೋಶಗಳೇ ಹಬ್ಬಿಕೊಂಡು ಒಳಪದರ ಕಟ್ಟುತ್ತವೆ. ಅದ್ಭುತವೇ ಸರಿ. ಆದರೆ ಕೆಲವು ವಾರಗಳ ನಂತರ ಸಿಲಿಕೋನ್ ತೆಗೆದು ಮೇಲೆ ರೋಗಿಯದ್ದೇ ತೆಳು ಚರ್ಮ ಹಚ್ಚಬೇಕು. ಬೆಲೆಯೂ ಸಾಮಾನ್ಯ ಕುಟುಂಬಕ್ಕೆ ಎಟುಕುವಂಥದ್ದಲ್ಲ.

ಇನ್ನು ಲ್ಯಾಬಿನಲ್ಲಿ ಬೆಳೆಸುವ ಚರ್ಮ. ಹೊರಪದರದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ವಿಧಾನವನ್ನು ಹೊವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ 1975ರಲ್ಲಿ ತೋರಿಸಿದರು. 1983ರಲ್ಲಿ ಅಮೆರಿಕದ ವಯೋಮಿಂಗಿನಲ್ಲಿ ಐದು ಮತ್ತು ಆರು ವರ್ಷದ ಅಣ್ಣತಮ್ಮಂದಿರಿಬ್ಬರ ಮೈ 95 ಶೇಕಡಕ್ಕಿಂತ ಹೆಚ್ಚು ಸುಟ್ಟುಹೋಗಿತ್ತು. ಬಾಸ್ಟನ್ನಿನಲ್ಲಿ ಅವರ ಉಳಿದ ಚೂರು ಚರ್ಮದಿಂದ ಹಾಳೆಗಳನ್ನು ಬೆಳೆಸಿ ಹಚ್ಚಿದರು, ಇಬ್ಬರೂ ಬದುಕಿದರು. ಆದರೆ ಅಂಥ ಹಾಳೆ ಬೆಳೆಯಲು ಮೂರು ವಾರದಷ್ಟು ಬೇಕು. ಅಲ್ಲಿಯವರೆಗೆ ಆ ಮಕ್ಕಳ ಗಾಯಗಳಿಗೆ ಹೊದಿಸಿದ್ದು ಸತ್ತವರು ಬಿಟ್ಟುಹೋದ ಚರ್ಮ. ಲ್ಯಾಬಿನ ದೊಡ್ಡ ಗೆಲುವಿನ ಅಡಿಯಲ್ಲೂ ಹೆಸರಿಲ್ಲದ ದಾನಿಗಳಿದ್ದಾರೆ ಎಂದು ನಾವು ಮರೆಯಬಾರದು. ಯಂತ್ರ ಬರಲಿ, ಲ್ಯಾಬ್ ಬರಲಿ, ಬೆಲೆ ಇಳಿಯಲಿ. ಅಲ್ಲಿಯವರೆಗೆ ಜಿಲ್ಲಾ ಆಸ್ಪತ್ರೆಯ ಬಡ ರೋಗಿಗೆ ಹತ್ತಿರದ ಆಸರೆ ಇನ್ನೊಬ್ಬ ಮನುಷ್ಯನೇ.

ನಮ್ಮ ದೇಶದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನರಿಗೆ ಮಧ್ಯಮ ಇಲ್ಲವೇ ತೀವ್ರ ಸುಟ್ಟಗಾಯವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವರಲ್ಲಿ ಅಡುಗೆಮನೆಯ ಹೆಂಗಸರಿದ್ದಾರೆ, ಬಿಸಿನೀರು ಮೈಮೇಲೆ ಬಿದ್ದ ಮಕ್ಕಳಿದ್ದಾರೆ, ವಿದ್ಯುತ್ ಕಂಬದ ಮೇಲೆ ಕೆಲಸ ಮಾಡುವವರಿದ್ದಾರೆ. ಬದುಕಿನಲ್ಲಿ ಸೋತು ಮೈಗೆ ಬೆಂಕಿ ಹಚ್ಚಿಕೊಂಡವರೂ, ಮನೆಯವರೇ ಬೆಂಕಿ ಹಚ್ಚಿದ ಸೊಸೆಯರೂ ಇದ್ದಾರೆ. ನಾವು ಕೊಟ್ಟ ಚರ್ಮ ಇವರಲ್ಲಿ ಯಾರಿಗೆ ಹೋಗುತ್ತದೆ ಎಂದು ನಾವು ಆರಿಸುವಂತಿಲ್ಲ. ಅದೇ ಒಳ್ಳೆಯದು. ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ ಸುರಿದು ಪಟ್ಟಿ ಕಟ್ಟಿದ ಸಮಾರ್ಯದವನೂ ಮೊದಲು ಊರು, ಜಾತಿ ಕೇಳಲಿಲ್ಲ.

ಇನ್ನು ಮನೆಗಳಲ್ಲಿ ಬರುವ ಅನುಮಾನಗಳು. ವಾರ್ಡ್ ಸಭೆಗಳಲ್ಲಿ ಈ ಮಾತೆತ್ತಿದಾಗ ಹಿರಿಯರು ಕೇಳುವ ಪ್ರಶ್ನೆಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

"ಚರ್ಮ ಸುಲಿಯುತ್ತಾರಾ? ಹೆಣ ನೋಡುವ ಹಾಗಿರುತ್ತದಾ?" ಸುಲಿಯುವುದಿಲ್ಲ. ತೊಡೆ, ಕಾಲು, ಬೆನ್ನಿನಿಂದ ಹೊರಗಿನ ತೆಳು ಪದರ ಮಾತ್ರ ತೆಗೆಯುತ್ತಾರೆ. ರಕ್ತ ಹರಿಯುವುದಿಲ್ಲ. ಮುಖ ಮುಟ್ಟುವುದಿಲ್ಲ. ಆ ಜಾಗಕ್ಕೆ ಬ್ಯಾಂಡೇಜ್ ಸುತ್ತಿ ಕೊಡುತ್ತಾರೆ, ಮೇಲೆ ಬಟ್ಟೆ ತೊಡಿಸಿದರೆ ಪೆಟ್ಟಿಗೆಯಲ್ಲಿ ಮಲಗಿಸಿದಾಗ ಏನೂ ಕಾಣಿಸುವುದಿಲ್ಲ.

"ಅಂತ್ಯಕ್ರಿಯೆ ತಡವಾಗುತ್ತದಲ್ಲ?" ಕೆಲಸ ಮುಕ್ಕಾಲು ಗಂಟೆಯದ್ದು. ದುಬೈಯಿಂದ ಮಗ ಬರಲಿ, ಮುಂಬಯಿಯಿಂದ ಮಗಳು ಬರಲಿ ಎಂದು ಫ್ರೀಜರ್ ತರಿಸಿ ಒಂದು ದಿನ, ಎರಡು ದಿನ ಕಾಯುವ ಊರು ನಮ್ಮದು. ಮುಕ್ಕಾಲು ಗಂಟೆ ನಮಗೆ ಹೆಚ್ಚಲ್ಲ.

"ಪುನರುತ್ಥಾನದ ದಿನ ದೇಹ ಪೂರ್ತಿ ಇರಬೇಡವೇ?" ಇದು ನಂಬಿಕೆಯ ಪ್ರಶ್ನೆ, ನಗಬೇಡಿ. ಬೆಂಕಿಯಲ್ಲಿ ಬೆಂದ, ಕಾಡುಮೃಗಗಳ ಬಾಯಿಗೆ ಬಿದ್ದ ರಕ್ತಸಾಕ್ಷಿಗಳನ್ನು ಧರ್ಮಸಭೆ ಮೊದಲ ಶತಮಾನಗಳಿಂದಲೂ ಸಂತರೆಂದು ಗೌರವಿಸುತ್ತಿದೆ. ಮಣ್ಣಾದ ದೇಹವನ್ನು ಎಬ್ಬಿಸಬಲ್ಲ ದೇವರಿಗೆ ಒಂದು ತೆಳು ಪದರ ಕಡಿಮೆಯಾಗಿದೆ ಎಂಬುದು ಅಡ್ಡಿಯೇ? ಕಥೋಲಿಕ ಧರ್ಮೋಪದೇಶ ಗ್ರಂಥದ 2296ನೇ ವಿಧಿ, ಮರಣಾನಂತರದ ಅಂಗದಾನವನ್ನು ಶ್ರೇಷ್ಠವೂ ಪುಣ್ಯಕರವೂ ಆದ ಕಾರ್ಯವೆಂದೇ ಪರಿಗಣಿಸುತ್ತದೆ. ಸಂತ ಎರಡನೇ ಜಾನ್ ಪೌಲರು 2000ದ ಆಗಸ್ಟಿನಲ್ಲಿ ರೋಮಿನಲ್ಲಿ ಸೇರಿದ್ದ ಅಂಗಕಸಿ ವೈದ್ಯರ ಸಮ್ಮೇಳನಕ್ಕೆ ತಾವೇ ಹೋಗಿ ಅದನ್ನು ಪ್ರೋತ್ಸಾಹಿಸಿದರು. ನಮ್ಮ ಕೇರಳದಲ್ಲೇ ತ್ರಿಶೂರಿನ ಫಾದರ್ ಡೇವಿಸ್ ಚಿರಮೆಲ್ 2009ರಲ್ಲಿ, ಪಾಲಾದ ಸಹಾಯಕ ಬಿಷಪ್ ಆಗಿದ್ದ ಜೇಕಬ್ ಮುರಿಕ್ಕನ್ 2016ರಲ್ಲಿ, ಬದುಕಿರುವಾಗಲೇ ತಮ್ಮ ಒಂದು ಕಿಡ್ನಿ ಕೊಟ್ಟರು. ಕೊಟ್ಟದ್ದು ಅನ್ಯಧರ್ಮದ ಬಂಧುಗಳಿಗೆ. ಅವರು ಬದುಕಿದ್ದಾಗ ಕೊಟ್ಟಿದ್ದಾರೆ. ನಮ್ಮಿಂದ ಕೇಳುತ್ತಿರುವುದು ಸತ್ತ ಮೇಲೆ ಕೊಡಿ ಎಂದಷ್ಟೇ.

"ಯಾರಾದರೂ ಮಾರಿಕೊಂಡರೆ?" 1994ರ ಕಾನೂನು ಅಂಗಾಂಗಗಳ ಮಾರಾಟವನ್ನು ಅಪರಾಧವೆಂದು ಹೇಳುತ್ತದೆ. 2011ರ ತಿದ್ದುಪಡಿಯಿಂದ ಚರ್ಮದಂಥ ಅಂಗಾಂಶಗಳೂ ಅದರೊಳಗೆ ಬಂದಿವೆ. ನೋಂದಾಯಿತ ಬ್ಯಾಂಕಿಗೆ ಮಾತ್ರ ಕೊಡಿ, ಕಾಗದ ಕೇಳಿ ಪಡೆಯಿರಿ.

ಚರ್ಮದಾನಕ್ಕೆ ಇನ್ನೊಂದು ಅನುಕೂಲವಿದೆ. ಸತ್ತ ಮೇಲೆ ಹೃದಯ, ಕಿಡ್ನಿ, ಲಿವರ್ ಕೊಡಬೇಕಾದರೆ ಸಾಮಾನ್ಯವಾಗಿ ಐಸಿಯುವಿನಲ್ಲಿ ಮೆದುಳು ಸಾವು ಘೋಷಣೆಯಾಗಬೇಕು. ಚರ್ಮಕ್ಕೆ ಅದು ಬೇಡ. ಮನೆಯ ಮಂಚದಲ್ಲಿ, ಜಪಸರ ಕೈಯಲ್ಲಿ ಹಿಡಿದು ಕಣ್ಣುಮುಚ್ಚಿದ ಅಜ್ಜಿಯೂ ಕೊಡಬಹುದು. 18 ತುಂಬಿದವರೆಲ್ಲ ಕೊಡಬಹುದು. ರಕ್ತದ ಗುಂಪು ಹೊಂದಬೇಕಾಗಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ನಂಜು, ಚರ್ಮದ ಸೋಂಕು, ಚರ್ಮದ ಕ್ಯಾನ್ಸರ್ ಇದ್ದವರದ್ದನ್ನು ತೆಗೆದುಕೊಳ್ಳುವುದಿಲ್ಲ. ತೆಗೆದ ಚರ್ಮವನ್ನು ಪರೀಕ್ಷಿಸಿ, ಗ್ಲಿಸರಾಲಿನಲ್ಲಿ ಹಾಕಿ ತಣ್ಣಗೆ ಇಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಅಂದರೆ ಇಂದು ತೀರಿಕೊಂಡ ಅಜ್ಜಿ, ಇನ್ನೂ ನಡೆಯದ ಅವಘಡವೊಂದರ ಗಾಯಾಳುವಿಗೆ ಕೊಟ್ಟು ಹೋಗಿರುತ್ತಾರೆ.

ಒಂದೇ ಕಟ್ಟುನಿಟ್ಟು: ಸಾವಾಗಿ ಆರು ಗಂಟೆಯೊಳಗೆ ಚರ್ಮ ತೆಗೆಯಬೇಕು. ಗಡಿನಾಡಿನವರಾದ ನಮ್ಮ ತೊಂದರೆ ಇಲ್ಲೇ ಇರುವುದು. ನವಿ ಮುಂಬಯಿಯ ಐರೋಳಿಯಲ್ಲಿ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕುಗಳಿವೆ. ತಿರುವನಂತಪುರದ ಮೆಡಿಕಲ್ ಕಾಲೇಜಿನಲ್ಲಿ 2025ರಲ್ಲಿ ಶುರುವಾಗಿದೆ. ತಿರುವನಂತಪುರ ನಮಗೆ 500 ಕಿಲೋಮೀಟರಿಗೂ ದೂರ, ವಂದೇ ಭಾರತ್ ರೈಲಿಗೂ ಎಂಟು ಗಂಟೆಯ ಹಾದಿ. ಬೆಂಗಳೂರಿನಿಂದ ಘಾಟಿ ಇಳಿದು ಬರುವಷ್ಟರಲ್ಲಿ ಆರು ಗಂಟೆ ಮುಗಿದಿರುತ್ತದೆ. 2020ರಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಆಸ್ಪತ್ರೆ ಕಣ್ಣಳತೆಯಲ್ಲಿದ್ದರೂ ತಲುಪಲಾಗದೆ ಒದ್ದಾಡಿದವರು ನಾವು. ದೂರ ಎಂದರೆ ಏನೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಹಾಗಾಗಿ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿ, ಫೋಟೋ ತೆಗೆದು ಸ್ಟೇಟಸ್ ಹಾಕಿಕೊಂಡರೆ ಸಾಲದು ಎನ್ನುವುದು ನಮ್ಮ ನಿಲುವು. ಆರು ಗಂಟೆಯೊಳಗೆ ಬರುವ ತಂಡ ಯಾವುದೆಂದು ಗೊತ್ತಿಲ್ಲದೆ ಮಾಡಿದ ಪ್ರತಿಜ್ಞೆ ಬರೀ ಕಾಗದ. ನಮ್ಮ ಯುವ ಘಟಕಗಳು ಈ ತಿಂಗಳು ಮಾಡಬಹುದಾದ ನಾಲ್ಕು ಕೆಲಸಗಳಿವೆ.

ಮೊದಲನೆಯದು, ಇಬ್ಬರು ಹೋಗಿ ವಿಚಾರಿಸಿ. ತಲಪಾಡಿ ದಾಟಿದರೆ ಮಂಗಳೂರು, ಮುಂದೆ ಮಣಿಪಾಲ. ಅಲ್ಲಿನ ದೊಡ್ಡ ಆಸ್ಪತ್ರೆಗಳ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ನೇರವಾಗಿ ಕೇಳಿ: ನಮ್ಮೂರಿಗೆ ಯಾರು ಬರುತ್ತಾರೆ, ಎಷ್ಟು ಹೊತ್ತಿನಲ್ಲಿ, ರಾಜ್ಯದ ಗಡಿ ದಾಟಲು ಯಾವ ಕಾಗದ ಬೇಕು? ಕೇರಳದ ಕೆ-ಸೊಟ್ಟೊ, ಕರ್ನಾಟಕದ ಜೀವಸಾರ್ಥಕತೆ, ಎರಡೂ ಸರಕಾರಿ ವ್ಯವಸ್ಥೆಗಳೇ. ದೇಶಮಟ್ಟದ ನೊಟ್ಟೊ ಸಂಸ್ಥೆಯ ಉಚಿತ ಸಹಾಯವಾಣಿ 1800-11-4770. ಸಿಕ್ಕಿದ ನಂಬರನ್ನು ಚರ್ಚಿನ ನೋಟಿಸ್ ಬೋರ್ಡಿನಲ್ಲಿ, ಶವಪೆಟ್ಟಿಗೆಯವರ ಮತ್ತು ಆಂಬುಲೆನ್ಸಿನವರ ನಂಬರಿನ ಪಕ್ಕದಲ್ಲೇ ಬರೆಯಿರಿ.

ಎರಡನೆಯದು, ಗುರಿಕಾರರಿಗೆ ತಿಳಿಸಿ. ಸಾವಾದರೆ ಮೊದಲ ಫೋನು ಹೋಗುವುದು ಅವರಿಗೆ. ಗಂಟೆ ಬಾರಿಸಲು ಹೇಳುವವರೂ ಅವರೇ. ಅಳುತ್ತಿರುವ ಮನೆಯವರಿಗೆ ಆರು ಗಂಟೆಯ ಲೆಕ್ಕ ನೆನಪಿರುವುದಿಲ್ಲ. ಗುರಿಕಾರರಿಗೆ ನೆನಪಿದ್ದರೆ ಸಾಕು.

ಮೂರನೆಯದು, ಮನೆಯಲ್ಲಿ ಬಾಯಿಬಿಟ್ಟು ಹೇಳಿ. ನೀವು ಸಹಿ ಹಾಕಿದ್ದರೂ ಆ ಹೊತ್ತಿನಲ್ಲಿ ಮನೆಯವರು ಬೇಡ ಎಂದರೆ ಯಾರೂ ಮುಟ್ಟುವುದಿಲ್ಲ. ನಿಮ್ಮ ಇಚ್ಛೆ ಅಮ್ಮನಿಗೆ, ಅಣ್ಣನಿಗೆ ಗೊತ್ತಿರಬೇಕು. ರಾತ್ರಿಯ ಜಪಸರ ಮುಗಿದು ಊಟಕ್ಕೆ ಕೂರುವ ಮೊದಲಿನ ಐದು ನಿಮಿಷ ಸಾಕು.

ನಾಲ್ಕನೆಯದು, ನಮ್ಮ ಜಿಲ್ಲೆಯಲ್ಲೇ ಸುಟ್ಟಗಾಯದ ವಾರ್ಡು ಮತ್ತು ಚರ್ಮ ಸಂಗ್ರಹಿಸುವ ತಂಡ ಬೇಕೆಂದು ಕೇಳೋಣ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ. ಅದು ಪೂರ್ಣವಾಗಿ ಬೆಳೆಯುವಾಗ ಈ ಎರಡೂ ಅದರಲ್ಲಿರಬೇಕು. ದೇವಸ್ಥಾನದವರ, ಮಸೀದಿಯವರ ಯುವಕರನ್ನೂ ಕರೆದು ಒಂದೇ ಮನವಿಗೆ ಸಹಿ ಹಾಕಿಸೋಣ. ವೀರರ್‌ಕಾವಿನ ನೋವು ಒಂದು ಸಮುದಾಯದ್ದಲ್ಲ, ಇಡೀ ಜಿಲ್ಲೆಯದ್ದು.

ಇದರ ಜೊತೆ ಚಿಕ್ಕ ಮಾತೊಂದು. ಕಸಿಯೇ ಬೇಡವಾಗುವ ಹಾಗೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಹಬ್ಬದ ಪಟಾಕಿ ಜನರಿಂದ ದೂರವಿರಲಿ. ಸುಟ್ಟ ಕೂಡಲೇ ನಲ್ಲಿಯ ಹರಿಯುವ ನೀರಿನಡಿ ಇಪ್ಪತ್ತು ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ತುಪ್ಪ, ಐಸ್ ಬೇಡ. ಬದುಕಿ ಬಂದವರನ್ನು ದೂರ ಇಡಬೇಡಿ. ಕಸಿಯಾದ ಚರ್ಮ ಬಿಗಿದುಕೊಳ್ಳದಂತೆ ಅವರು ತಿಂಗಳುಗಟ್ಟಲೆ ಬಿಗಿ ಉಡುಪು ತೊಟ್ಟು ವ್ಯಾಯಾಮ ಮಾಡಬೇಕಾಗುತ್ತದೆ. ಅಂಥವರು ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಮುಖ ಮುಚ್ಚಿ ಕೂತರೆ, ಪಕ್ಕದಲ್ಲಿ ಹೋಗಿ ಕೂರುವವರು ನಾವಾಗಬೇಕು.

ಇದೇ ತಿಂಗಳ 11ಕ್ಕೆ ಸಂತ ಮಾರ್ಟಿನರ ಹಬ್ಬ. ಅವರು ಸೈನಿಕರಾಗಿದ್ದಾಗ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು ತಮ್ಮ ಮೇಲಂಗಿಯನ್ನು ಕತ್ತಿಯಿಂದ ಎರಡು ಮಾಡಿ ಅರ್ಧ ಹೊದಿಸಿದರು ಎಂದು ಧರ್ಮೋಪದೇಶ ತರಗತಿಯಲ್ಲಿ ನಾವೆಲ್ಲ ಕೇಳಿದ್ದೇವೆ. ಉಳಿದರ್ಧ ಅವರಿಗೆ ಬೇಕಾಗಿತ್ತು, ಅವರಿಗೂ ಚಳಿಯಿತ್ತು. ನಮಗೆ ಆ ಹೊತ್ತಿನಲ್ಲಿ ಚಳಿಯೂ ಇರುವುದಿಲ್ಲ, ಹೊದಿಕೆಯ ಅಗತ್ಯವೂ ಇರುವುದಿಲ್ಲ. ಬೇಕಾದವರು ಎಲ್ಲೋ ಒಂದು ವಾರ್ಡಿನಲ್ಲಿ ಕಾಯುತ್ತಿರುತ್ತಾರೆ.

ಇಂದು ರಾತ್ರಿಯೇ ಮನೆಯಲ್ಲಿ ಮಾತೆತ್ತಿ. ಬರುವ ಭಾನುವಾರ ಪೂಜೆಯ ನಂತರ ಯುವ ಘಟಕದ ಸಭೆಯಲ್ಲಿ, ಮಂಗಳೂರಿಗೆ ಹೋಗುವ ಆ ಇಬ್ಬರು ಯಾರೆಂದು ತೀರ್ಮಾನಿಸೋಣ.